ಗುಡಿಸಿದಷ್ಟೂ ಏಳುವ ಧೂಳು

ನನ್ನ ಸೋದರತ್ತೆ ಗುಡಿಸಿದ ಜಾಗದಲ್ಲಿ ಸಕ್ಕರೆ ಚೆಲ್ಲಿದರೆ ಎತ್ತಿ ಮತ್ತೆ ಡಬ್ಬಿಗೆ ಹಾಕಬಹುದು. ಅವಳ ಪೊರಕೆಗೆ ಬಾಗಿಲ ಸಂದಿಯೂ ಹೆದರುತ್ತದೆ. ಅಂಥವಳನ್ನು ಬಟ್ಟೆ ಕಾರ್ಖಾನೆಯ ಹೊಸ ಶೆಡ್ಡಿನಲ್ಲಿ, ಎಲ್ಲರೆದುರು, ಸೂಪರ್‌ವೈಸರ್ ಗದರಿಸಿದ.

"ಬಿಳಿ ಅಂಗಿಗಳು ಮತ್ತೆ ವಾಪಸ್ ಬಂದಿವೆ. ಮಡಿಕೆ ಮಡಿಕೆಯಲ್ಲೂ ಧೂಳು. ಮುಂದಿನ ವಾರದಿಂದ ಬೇರೆಯವರನ್ನ ಹಾಕ್ಕೋತೀವಿ, ನೀನು ಮನೇಲಿರು."

"ದಿನಕ್ಕೆ ನಾಲ್ಕು ಸಲ ಗುಡಿಸ್ತೀನಲ್ಲಪ್ಪಾ!"

"ಗುಡಿಸ್ತೀಯೋ, ಪೊರಕೆಗೆ ವಾಕಿಂಗ್ ಮಾಡಿಸ್ತೀಯೋ?"

ಎಲ್ಲರೂ ನಕ್ಕರು. ನಾನು ಅಂಗಿ ಮಡಚುವ ಮೇಜಿನ ಹಿಂದೆ ತಲೆ ತಗ್ಗಿಸಿ ನಿಂತೆ. ಇಲ್ಲಿ ಕೆಲಸಕ್ಕೆ ಸೇರಿದ ಎಂಟು ತಿಂಗಳಲ್ಲಿ ನಾನು ಮಾತಾಡಿದ್ದಕ್ಕಿಂತ ನೆಲ ನೋಡಿದ್ದೇ ಹೆಚ್ಚು. ಮೂಲೆಯ ನೀರಿನ ಡ್ರಮ್ಮಿನ ಸುತ್ತ, ನಾಲ್ಕು ಹೆಜ್ಜೆಯಷ್ಟು ಜಾಗದಲ್ಲಿ ಮಾತ್ರ ಧೂಳು ಏಳುವುದಿಲ್ಲ. ಅದನ್ನು ಗುಡಿಸುವವಳೂ ಇದೇ ಅತ್ತೆ, ಇದೇ ಪೊರಕೆ.

ಮಾರನೆಯ ದಿನ ಶೆಡ್ಡು ಕಟ್ಟಿದ ಮೇಸ್ತ್ರಿ ಕಿಟಕಿಯ ಚೌಕಟ್ಟು ಸರಿಮಾಡಲು ಬಂದ. ಮಾಲೀಕರೂ ಜೊತೆಗಿದ್ದರು. ಎದುರು ಹೋಗಿ ನಿಂತೆ. ಕೈಲಿದ್ದ ಕತ್ತರಿಯ ತುದಿಯಿಂದ ಶೆಡ್ಡಿನ ನಡುವೆ ನೆಲ ಗೀಚಿದೆ. ಬೂದಿಯಂಥ ಪುಡಿ ಎದ್ದಿತು. ಡ್ರಮ್ಮಿನ ಪಕ್ಕ ಗೀಚಿದೆ. ಕತ್ತರಿ ಜಾರಿತು, ಗೆರೆಯೂ ಮೂಡಲಿಲ್ಲ.

"ಈ ಡ್ರಮ್ ಯಾವಾಗಿಂದ ಇಲ್ಲಿದೆ?" ಮಾಲೀಕರು ಕೇಳಿದರು.

ಮೇಸ್ತ್ರಿ ತಲೆ ಕೆರೆದುಕೊಂಡ. "ಕಾಂಕ್ರೀಟು ಹಾಕಿದ ಮಾರನೇ ದಿನದಿಂದ. ತೂತಿತ್ತು, ತಿಂಗಳೆಲ್ಲಾ ಸೋರ್ತಿತ್ತು."

"ಬೇರೆ ಕಡೆ ಎಷ್ಟು ದಿನ ನೀರು ಹಾಕಿದ್ರಿ?" ಕೇಳಿದ್ದು ನಾನೇ ಎಂದು ತಿಳಿಯಲು ನನಗೇ ಒಂದು ಗಳಿಗೆ ಹಿಡಿಯಿತು.

"ಎರಡೇ ದಿನ ಕಣಮ್ಮ. ವಾರವಾದ್ರೂ ನೆನೆಸಿದ್ರೆ ತಾನೇ ಕಾಂಕ್ರೀಟು ಗಟ್ಟಿಯಾಗೋದು. ಅಷ್ಟರಲ್ಲಿ ಮಿಷನ್‌ಗಳು ಬಂದ್ಬಿಟ್ವು." ಮೇಸ್ತ್ರಿ ಮಾಲೀಕರ ಕಡೆ ತಿರುಗಿದ. "ಕಲಸೋವಾಗ ನೀರೂ ಜಾಸ್ತಿ ಆಗಿತ್ತು ಸಾರ್. ಮೇಲೆ ನಿಂತಿದ್ದ ನೀರು ಆರೋಕೆ ಬಿಡದೆ ಒಣ ಸಿಮೆಂಟು ಉದುರಿಸಿ ತೀಡಿಬಿಟ್ವಿ. ಮೇಲ್ಪದರಕ್ಕೆ ಗಟ್ಟಿ ಬರಲೇ ಇಲ್ಲ. ಈಯಮ್ಮ ಗುಡಿಸ್ತಿರೋದು ಕಸಾನಲ್ಲ, ನೆಲಾನೇ."

"ಅವಸರ ಮಾಡಿದ್ದು ನಾನೇ ಬಿಡು. ಈಗೇನು ದಾರಿ? ಬಣ್ಣ ಹೊಡೆಸೋಣ್ವಾ?"

"ಹೊಡೆಸಿದ್ರೆ ಸಿಪ್ಪೆ ಥರ ಏಳುತ್ತೆ. ಸಡಿಲ ಪದರ ಉಜ್ಜಿ ತೆಗೆದು, ನೆಲ ಗಟ್ಟಿ ಮಾಡೋ ಸಿಲಿಕೇಟ್ ದ್ರಾವಣ ಕುಡಿಸ್ಬೇಕು."

ಒಂದು ವಾರ ಶೆಡ್ಡು ಮುಚ್ಚಿತು. ಗಟ್ಟಿ ಪದರ ಸಿಗುವವರೆಗೂ ಉಜ್ಜುವ ಯಂತ್ರ ಓಡಿತು. ತೊಳೆದು ಒಣಗಿಸಿದ ಮೇಲೆ ನೀರಿನಂಥ ದ್ರಾವಣವನ್ನು ಬ್ರಶ್ಶಿನಿಂದ ಹರಡಿದವಳು ಅತ್ತೆ. ನೆಲ ಹೀರುವಷ್ಟು ಹೀರಿದ ಮೇಲೆ ಉಳಿದದ್ದನ್ನು ಒರೆಸಿ ತೆಗೆಯಬೇಕು, ಬಿಟ್ಟರೆ ಬಿಳಿ ಕಲೆ. ಮೇಸ್ತ್ರಿ ಹೇಳಿಕೊಟ್ಟಿದ್ದು ಒಂದೇ ಸಲ. ಒಂದೂ ಕಲೆ ಬೀಳಲಿಲ್ಲ. "ನಮ್ಮಾಳುಗಳಿಗೆ ಹತ್ತು ಸಲ ಬಡ್ಕೋಬೇಕು" ಎಂದ. ನನ್ನ ಎದೆ ಉಬ್ಬಿತು.

ಕೆಲಸ ಮತ್ತೆ ಶುರುವಾದ ದಿನ ಮಾಲೀಕರು ಬಿಳಿ ಅಂಗಿಯೊಂದನ್ನು ನೆಲಕ್ಕೆ ಉಜ್ಜಿ ಎತ್ತಿ ಹಿಡಿದರು. ಹಾಲಿನಂತಿತ್ತು. "ಹೊಸಬರು ಯಾರೂ ಬೇಡ, ಇವರೇ ಇರ್ಲಿ" ಎಂದರು.

ಅಷ್ಟರಲ್ಲಿ ಸೂಪರ್‌ವೈಸರ್ ಕೆಸರು ಬೂಟಿನಲ್ಲಿ ಬಾಗಿಲಿಗೆ ಬಂದ. ಅತ್ತೆ ಅಡ್ಡ ನಿಂತಳು.

"ನಿಲ್ಲಪ್ಪಾ. ಇನ್ಮೇಲೆ ಇಲ್ಲಿ ಧೂಳು ಕಂಡ್ರೆ ಅದು ನೆಲದ್ದೂ ಅಲ್ಲ, ನಂದೂ ಅಲ್ಲ. ಕಾಲು ಒರೆಸ್ಕೊಂಡು ಬಾ."

ಅವನು ಒರೆಸಿಕೊಂಡ. ಅತ್ತೆಗೆ ಸಮಾಧಾನವಾಗಲಿಲ್ಲ, ಇನ್ನೊಮ್ಮೆ ಒರೆಸಿಕೊಂಡ.