ಕುಂಕುಮದ ಕೆಳಗಿನ ಸೀಳು

ಭೂಮಿಯ ಹೊಟ್ಟೆಯಲ್ಲಿದ್ದ ಯುರೇನಿಯಂ ಅಷ್ಟನ್ನೂ ಆಸಿಡ್ಡಿನಿಂದ ಬಿಡಿಸಿದವನು ನಾನೊಬ್ಬನೇ. ಬೆಳಕು ಸಾಲದೆ ಬಂದಾಗ ಸೂರ್ಯನೂ ನನ್ನ ಮುಂದೆ ಚೊಂಬು ಹಿಡಿದು ನಿಂತದ್ದುಂಟು. ನಾನು ಒಂದು ಬೇರ್ಪಡಿಸುವ ಆಲಿಕೆ: ಸೀಬೆಹಣ್ಣಿನ ಆಕಾರದ ಗಾಜಿನ ಹೊಟ್ಟೆ, ಮೇಲೆ ಬಿರಡೆ, ಕೆಳಗೆ ತಿರುಪು.

ಗಾಜು ಊದುವವನ ಉಸಿರಿನಿಂದ ಉರಿಯಲ್ಲಿ ಹುಟ್ಟಿದೆ. ನನ್ನ ಚೆಲುವು ನೋಡಿ ಕುಲುಮೆ ವಾರವಿಡೀ ಆರಲಿಲ್ಲ. ಮೊದಲು ಬಂದದ್ದು ಕಾರ್ಖಾನೆಯ ತರಬೇತಿ ಕೋಣೆಗೆ. ಕಲಿಯುವವರು ಬಣ್ಣದ ನೀರು ತುಂಬಿ ಕುಲುಕುತ್ತಿದ್ದರು. ಒಮ್ಮೆ ತೊಳೆಯುವಾಗ ಹಿತ್ತಾಳೆ ನಲ್ಲಿಗೆ ಢಿಕ್ಕಿ ಹೊಡೆದೆ. ನಲ್ಲಿಯೇ ಬಾಗಿತು, ನನಗೇನೂ ಆಗಲಿಲ್ಲ.

ಆಮೇಲೆ ಪ್ರಯೋಗಾಲಯದ ಕಮಲಾಕ್ಷಿಯ ಕೈಗೆ ಬಂದೆ. ಗುತ್ತಿಗೆ ಕೆಲಸದವಳು. ಯುರೇನಿಯಂ ಕರಗಿದ ಆಸಿಡ್ ಸುರಿದು, ಸೀಮೆಎಣ್ಣೆಯಲ್ಲಿ ಬೆರೆಸಿದ ದ್ರಾವಕ ಹಾಕಿ ಕುಲುಕುವಳು. ನಡುನಡುವೆ ತಲೆಕೆಳಗು ಮಾಡಿ, ತಿರುಪು ಸಡಿಲಿಸಿ ಒಳಗಿನ ಗಾಳಿ ಬಿಡುವಳು. ಯುರೇನಿಯಂ ಆಸಿಡ್ಡನ್ನು ಬಿಟ್ಟು ಎಣ್ಣೆಗೆ ಏರಿ ಹಳದಿಯಾಗಿ ನಿಲ್ಲುವುದು. "ಬೇಗ ಹತ್ತಪ್ಪ ಮೇಲಕ್ಕೆ, ಊಟಕ್ಕೆ ಹೋಗ್ಬೇಕು" ಎನ್ನುವಳು.

ಆಯುಧಪೂಜೆಗೆ ಮೇಲಧಿಕಾರಿ ಗುರುಪಾದಯ್ಯನವರೇ ನನ್ನ ಹೊಟ್ಟೆಗೆ ದಪ್ಪಗೆ ಕುಂಕುಮ ಹಚ್ಚಿದರು. "ಒರೆಸ್ಬೇಡ್ರಮ್ಮ, ಪೂಜೆ ಕುಂಕುಮ. ತಾನಾಗೇ ಹೋಗ್ಲಿ" ಎಂದರು.

ಮರುವಾರ, ಕುಲುಕುವಾಗ, ಆ ಕುಂಕುಮದ ಜಾಗದಲ್ಲೇ ನಾನು ಬಿರಿದೆ. ಆಸಿಡ್ ಅವಳ ಕೈಗವಸಿನೊಳಗೆ ಇಳಿಯಿತು. ತೊಳೆದರು, ಉಜ್ಜಿದರು, ಚರ್ಮ ಸುಲಿದು ಬಂತು. ವಿಕಿರಣ ಅಳೆಯುವ ಮೀಟರಿನ ಕಿಟಿಕಿಟಿ ನಿಲ್ಲಲಿಲ್ಲ. ಗಾಯದಿಂದ ಒಳಹೊಕ್ಕದ್ದು ಮೂತ್ರಪಿಂಡಕ್ಕೆ ಇಳಿದಿದೆ ಎಂದರು ವೈದ್ಯರು.

"ಅವಳೇ ಎಲ್ಲಿಗೋ ಬಡಿದಿರ್ಬೇಕು" ಎಂದರು ಗುರುಪಾದಯ್ಯ. ಅವಳ ತಪ್ಪೆಂದಾದರೆ ಕೆಲಸವೂ ಹೋಯಿತು, ಕಾರ್ಖಾನೆಯ ಚಿಕಿತ್ಸೆಯೂ ಹೋಯಿತು. ನಾನೂ ಅದನ್ನೇ ಹೇಳಿದೆ. ನನ್ನಂಥವನು ಸುಮ್ಮನೆ ಒಡೆಯುವುದುಂಟೆ?

ಜೊತೆಯ ಕೆಲಸದ ರೆಹಾನಾ ಇಕ್ಕಳದಲ್ಲಿ ನನ್ನ ಚೂರೊಂದನ್ನು ಎತ್ತಿ ದೀಪಕ್ಕೆ ಹಿಡಿದಳು.

"ನೋಡಿ ಸಾರ್. ಈಗ ಒಡೆದ ಅಂಚೆಲ್ಲ ಶುಭ್ರವಾಗಿದೆ. ಈ ಒಂದು ಸೀಳಿನೊಳಗೆ ಮಾತ್ರ ಕುಂಕುಮ ಇಳಿದಿದೆ. ನೀವು ಹಚ್ಚೋ ಹೊತ್ತಿಗೇ ಇದು ಸೀಳಿತ್ತು."

ಗುರುಪಾದಯ್ಯ ಇಕ್ಕಳದ ಹತ್ತಿರ ಬಗ್ಗಿ ಸೀಳನ್ನು ನೋಡಿದರು.

"ವಿಕಿರಣ ಹತ್ತಿದ ಗಾಜು, ಹೊರಗಿಡೋ ಹಾಗಿಲ್ಲಮ್ಮ. ಕಸದ ಡ್ರಮ್ಮಿಗೆ ಹಾಕು."

"ಇದನ್ನ ಹಾಕಿದ್ರೆ ಅವಳ ಕಡೆ ಇನ್ನೇನು ಉಳಿಯುತ್ತೆ ಸಾರ್?"

"ಹಾಕು ಅಂದ್ನಲ್ಲ."

ಕಮಲಾಕ್ಷಿಯ ಜಾಗಕ್ಕೆ ಬೇರೊಬ್ಬಳು ಬಂದಿದ್ದಾಳೆ. ಡ್ರಮ್ಮಿನೊಳಗೆ ನನ್ನ ಮೇಲೆ ಸಿಮೆಂಟು ಬೀಳುತ್ತಿದೆ. ಇನ್ನು ನನ್ನನ್ನು ಯಾರೂ ತೆಗೆದು ನೋಡುವುದಿಲ್ಲ. ಸೂರ್ಯ ನನ್ನ ಹತ್ತಿರ ಎಂದೂ ಬಂದಿಲ್ಲ. ನಲ್ಲಿ ಬಾಗಲಿಲ್ಲ, ಅವತ್ತೇ ಸೀಳು ಬಿಟ್ಟದ್ದು ನಾನು. ಅವಳು ನನ್ನನ್ನು ಎಲ್ಲಿಗೂ ಬಡಿಯಲಿಲ್ಲ.