ಅಲಾರಮ್ಮಿನ ಕುಲಾವಿ

ಇಸ್ತ್ರಿ ಮೇಜಿನಿಂದ ಸ್ವಲ್ಪ ಹಬೆ ಎದ್ದರೆ ಸಾಕು, ಪ್ಯಾಸೇಜಿನ ಸೂರಿಗೆ ಕೂರಿಸಿದ್ದ ಹೊಗೆ ಅಲಾರಂ ಬಾಯಿ ಬಡಿದುಕೊಳ್ಳಲು ಶುರು ಮಾಡುತ್ತಿತ್ತು. ಮೊದಲ ಮಹಡಿಯ ಹೊಲಿಗೆ ಅಂಗಡಿಯಲ್ಲಿ ಮಷೀನುಗಳೆಲ್ಲ ನಿಲ್ಲುತ್ತಿದ್ದವು. ಅಳತೆ ಕೊಡಲು ನಿಂತ ಗಿರಾಕಿಗಳು ಬೆಚ್ಚಿ ಬೀಳುತ್ತಿದ್ದರು. ಮೇಲಿನ ಮನೆಯ ಬಾಣಂತಿ ಬಾಗಿಲು ತೆರೆದು, "ಈಗ ತಾನೇ ಮಲಗಿಸಿದ್ದೆ ಕಣ್ರೀ" ಎಂದು ಗೊಣಗುತ್ತಿದ್ದಳು.

ಅದಕ್ಕೇ ಅಂಗಡಿ ನಡೆಸುವ ಟೈಲರಕ್ಕ ಅಲಾರಮ್ಮಿಗೆ ಒಂದು ಕುಲಾವಿ ಹೊಲಿದಳು.

ಕಸುಬು ಗೊತ್ತಿದ್ದವರ ಕೈ ಸುಮ್ಮನಿರುವುದಿಲ್ಲ. ಮಿಕ್ಕ ಲೈನಿಂಗ್ ಬಟ್ಟೆ ಎರಡು ಮಡಿಕೆ, ನಡುವೆ ಸ್ಪಂಜು, ಸುತ್ತ ಎಲಾಸ್ಟಿಕ್. ಗೋಡೆಯ ಬಣ್ಣಕ್ಕೆ ಹೊಂದುವ ಹಾಗೆ ತಿಳಿ ಹಸಿರು. ಕುರ್ಚಿ ಹತ್ತಿ ತೊಡಿಸಿದವಳು ಅವಳ ತಂಗಿ. "ಕಿವಿ ಪೂರ್ತಿ ಮುಚ್ಚಿದೆ ಅಕ್ಕ, ಮಗೂಗೆ ಇನ್ನು ಶೀತ ಆಗಲ್ಲ" ಎಂದು ಕುರ್ಚಿಯ ಮೇಲೆ ನಿಂತೇ ನಕ್ಕಳು.

ಅಮ್ಮ ತೀರಿಕೊಂಡ ಮೇಲೆ ಈ ತಂಗಿಯನ್ನು ಟೈಲರಕ್ಕನೇ ಸಾಕಿದ್ದು. ಅಂಗಡಿಯ ಹಿಂದಿನ ಕೋಣೆಯಲ್ಲಿ ಇಸ್ತ್ರಿ, ಕಾಜ, ಗುಂಡಿ ಎಲ್ಲ ಅವಳದೇ. ಅವಳು ಇಸ್ತ್ರಿ ಹಾಕಿದ ಕಾಲರು ಮೂರು ದಿನ ತೊಟ್ಟರೂ ಬಗ್ಗುವುದಿಲ್ಲ ಎಂದು ಗಿರಾಕಿಗಳು ಹೇಳುತ್ತಿದ್ದರು.

ಕುಲಾವಿಯ ಸುದ್ದಿ ಕಟ್ಟಡದಲ್ಲೆಲ್ಲ ಹರಡಿತು. ಕೆಳಗಿನ ಬೇಕರಿಯವನು, "ನಮ್ಮದೂ ಒಲೆ ಹಚ್ಚಿದ್ರೆ ಅರಚುತ್ತೆ ಅಕ್ಕ, ನಮಗೂ ಒಂದು ಹೊಲಿದುಕೊಡಿ" ಎಂದ. ಫೋಟೋ ಸ್ಟುಡಿಯೋದವನು ಕಪ್ಪು ಬಣ್ಣದ್ದು ಕೇಳಿದ. ಟೈಲರಕ್ಕ ಎಲ್ಲರಿಗೂ ಪುಕ್ಕಟೆ ಹೊಲಿದುಕೊಟ್ಟಳು. ನೆರೆಹೊರೆ ಅಂದ ಮೇಲೆ ಅಷ್ಟೂ ಮಾಡದಿದ್ದರೆ ಹೇಗೆ ಎಂಬ ಹೆಮ್ಮೆ ಅವಳದು. ಕಟ್ಟಡದ ಕಿವಿಗಳನ್ನೆಲ್ಲ ಒಬ್ಬಳೇ ಮುಚ್ಚಿದಳು, ಅದೂ ಎಷ್ಟು ನೀಟಾಗಿ.

ಹೀಗಿರುವಾಗ ಒಂದು ದಿನ ಅತ್ತಿಗೆ ಬಂದಳು. ಅತ್ತಿಗೆ ಎಂದರೆ ಟೈಲರಕ್ಕನ ಗಂಡ ಕಟಿಂಗ್ ಮಾಸ್ತರನ ಅಕ್ಕ. ಅಂಗಡಿ, ಆಸ್ಪತ್ರೆ, ವಸತಿ ಕಟ್ಟಡಗಳನ್ನು ಸುತ್ತಿ, ಬೆಂಕಿಯ ಅಪಾಯ ಎಲ್ಲೆಲ್ಲಿದೆ ಎಂದು ನೋಡಿ ವರದಿ ಕೊಡುವುದು ಅವಳ ನೌಕರಿ. ಮನೆಯವರು ಅವಳನ್ನು ಬೆಂಕಿ ಅತ್ತಿಗೆ ಎನ್ನುತ್ತಿದ್ದರು. ಅದಕ್ಕೆ ಅವಳ ನೌಕರಿ ಅರ್ಧ ಕಾರಣ, ನಾಲಿಗೆ ಅರ್ಧ ಕಾರಣ.

ಬಟ್ಟೆ ಕೊಡಲು ಬಂದವಳು ಪ್ಯಾಸೇಜಿನಲ್ಲಿ ತಲೆಯೆತ್ತಿ ನಿಂತುಬಿಟ್ಟಳು.

"ಇದೇನೇ ಇದು?"

"ಕುಲಾವಿ ಅತ್ತಿಗೆ. ಹಬೆಗೆಲ್ಲ ಕೂಗ್ತಿತ್ತು."

"ಹಬೆಗೆ ಕೂಗಿದ್ರೆ ಅದನ್ನ ಆಚೆ ಸರಿಸಬೇಕು. ಇಲ್ಲಾ, ಶಾಖಕ್ಕೆ ಮಾತ್ರ ಕೂಗೋ ಅಲಾರಂ ಬೇರೆ ಸಿಗುತ್ತೆ, ಅದನ್ನ ಹಾಕಿಸಬೇಕು. ಬಾಯಿ ಕಟ್ಟೋದಾ? ಮೊದಲು ತೆಗಿ."

ತೆಗೆಯಲು ಯಾರೂ ಏಳಲಿಲ್ಲ. ಅತ್ತಿಗೆ ಹಿಂದಿನ ಕೋಣೆಗೆ ಹೋದಳು. ಕಿಟಕಿಯ ಕಬ್ಬಿಣದ ಸರಳು ಹಿಡಿದು ಅಲ್ಲಾಡಿಸಿ ನೋಡಿದಳು. ಹಿಂದಿನ ಮೆಟ್ಟಿಲ ಬಾಗಿಲು ತೆರೆದಳು. ಅಲ್ಲಿ ಎದೆಮಟ್ಟ ಚಪ್ಪಲಿಯ ರಟ್ಟಿನ ಪೆಟ್ಟಿಗೆಗಳು. ಕೆಳಗಿನ ಚಪ್ಪಲಿ ಅಂಗಡಿಯ ಯಜಮಾನರನ್ನು ಎಲ್ಲರೂ ಮಾವ ಎನ್ನುತ್ತಿದ್ದರು, ಪೆಟ್ಟಿಗೆಗಳು ಅವರವು. ಕೆಳಗಡೆ ಕಬ್ಬಿಣದ ಗ್ರಿಲ್ಲು, ಅದಕ್ಕೊಂದು ಬೀಗ, ಬೀಗದ ಕೈ ಮಾವನ ಜೇಬಿನಲ್ಲಿ. ಮುಂದಿನ ಮೆಟ್ಟಿಲ ಬುಡದಲ್ಲಿ ಸ್ಟುಡಿಯೋದವನ ಬ್ಯಾಟರಿ ಸ್ಕೂಟರು ದಿನವಿಡೀ ಚಾರ್ಜಿಗೆ ಹಾಕಿದ್ದೇ. ಅದನ್ನೂ ಅತ್ತಿಗೆ ಬರುವಾಗಲೇ ನೋಡಿದ್ದಳು.

"ಮುಂದಿನ ಮೆಟ್ಟಿಲಲ್ಲಿ ಹೊಗೆ ತುಂಬಿದ್ರೆ ನಿನ್ನ ತಂಗಿ ಎಲ್ಲಿಂದ ಇಳೀತಾಳೆ? ಅದೊಂದು ಹೇಳು ನಂಗೆ."

ಟೈಲರಕ್ಕನಿಗೆ ರೇಗಿತು. "ಇಷ್ಟು ವರ್ಷ ಆಗದ್ದು ಈಗ ಯಾಕೆ ಆಗುತ್ತೆ ಅತ್ತಿಗೆ? ಶುಭ ನುಡಿಯೋ ಸೋಮ ಅಂದ್ರೆ ಗೂಬೆ ಕಾಣ್ತಿದೆಯಲ್ಲೋ ಮಾಮ ಅಂದ ಹಾಗಾಯ್ತು ನಿಮ್ಮ ಮಾತು."

"ಬೇರೆಯವರ ಕಟ್ಟಡ ಆಗಿದ್ರೆ ಇವತ್ತೇ ನೋಟಿಸ್ ಬರೀತಿದ್ದೆ."

ಕಟಿಂಗ್ ಮಾಸ್ತರ ಕತ್ತರಿ ಕೆಳಗಿಟ್ಟ. "ಬರೆಯಕ್ಕ. ಒಡಹುಟ್ಟಿದವನ ಅಂಗಡಿ ಮುಚ್ಚಿಸಿದ ಪುಣ್ಯಾನೂ ಕಟ್ಕೋ. ಮಾವನ ಜೊತೆ ಜಗಳ ಆದ್ರೆ ನಾಳೆ ಇಲ್ಲಿ ಇರಬೇಕಾದವ್ರು ನಾವು."

ಅತ್ತಿಗೆ ಸುಮ್ಮನಾದಳು. ಆ ನಾಲಿಗೆ ಸುಮ್ಮನಾದದ್ದನ್ನು ಕಂಡವರು ಕಡಿಮೆ. ಬಟ್ಟೆಯ ಚೀಲ ಮೇಜಿನ ಮೇಲಿಟ್ಟು ಇಳಿದು ಹೋದಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಅದೇ ಮಾತನ್ನು ಯಾರೋ ಅಪರಿಚಿತ ಸಾಹೇಬ ಬಂದು ಹೇಳಿದ್ದರೆ ಕುರ್ಚಿ ಹಾಕಿ, ನೀರು ಕೊಟ್ಟು ಕೇಳುತ್ತಿದ್ದರೋ ಏನೋ.

ಕೆಲವು ವಾರ ಕಳೆದವು. ಶಾಲೆಗಳು ಶುರುವಾಗುವ ಕಾಲ, ಸಮವಸ್ತ್ರದ ರಾಶಿ. ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಮಷೀನಿಗೆ ಕೂತಿದ್ದರು. ಮೇಲಿನ ಬಾಣಂತಿ ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋಗಿದ್ದಳು; ಅದೊಂದು ಪುಣ್ಯ. ತಂಗಿ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಇಸ್ತ್ರಿ ಮಾಡುತ್ತಿದ್ದಳು.

ಏನೋ ಸೀದ ವಾಸನೆ ಬಂತು. ಹೊಲಿಗೆ ಅಂಗಡಿಯಲ್ಲಿ ಸೀದ ವಾಸನೆ ಬಂದರೆ ಎಲ್ಲರ ತಲೆಗೂ ಹೊಳೆಯುವುದು ಒಂದೇ. ಟೈಲರಕ್ಕ ಮಷೀನು ನಿಲ್ಲಿಸದೆ ಕೂಗಿದಳು: "ಏ, ಇಸ್ತ್ರಿಪೆಟ್ಟಿಗೆ ಎತ್ತೇ, ಬಟ್ಟೆ ಸೀದ್ಹೋಗ್ತಿದೆ."

"ಎತ್ತೇ ಇಟ್ಟಿದೀನಿ ಅಕ್ಕ" ಎಂದಳು ತಂಗಿ ಒಳಗಿನಿಂದ.

ಅಷ್ಟಕ್ಕೇ ಇಬ್ಬರೂ ಸಮಾಧಾನಪಟ್ಟುಕೊಂಡರು. ಸೀಯುತ್ತಿದ್ದದ್ದು ಬಟ್ಟೆಯಲ್ಲ. ಕೆಳಗೆ ಸ್ಕೂಟರಿನ ಬ್ಯಾಟರಿ ಹೊತ್ತಿಕೊಂಡಿತ್ತು. ಹೊಗೆ ಮುಂದಿನ ಮೆಟ್ಟಿಲು ಹತ್ತಿ ಪ್ಯಾಸೇಜಿಗೆ ಬಂದು, ಅಲಾರಮ್ಮಿನ ಕೆಳಗೇ ಹಾದು, ಕೋಣೆಗಳ ಕಡೆ ಹೊರಟಿತ್ತು. ಅಲಾರಂ ಕೂಗಲಿಲ್ಲ. ಹೊಲಿಗೆ ಅಷ್ಟು ಗಟ್ಟಿಯಾಗಿತ್ತು.

ಬಾಗಿಲ ಸಂದಿಯಲ್ಲಿ ಕಪ್ಪು ಹೊಗೆ ಕಂಡು ಮಾಸ್ತರ ಬಾಗಿಲು ತೆರೆದ. ಎದುರಿನ ಗೋಡೆಯೇ ಕಾಣಲಿಲ್ಲ. ಮುಂದಿನ ಕೋಣೆಯಲ್ಲಿದ್ದವರು ಬಾಲ್ಕನಿಗೆ ಓಡಿದರು. ಬೀದಿಯ ಜನ ಏಣಿ ಹಾಕಿದರು. ಟೈಲರಕ್ಕ ಪ್ಯಾಸೇಜಿಗೆ ನುಗ್ಗಿ ತಂಗಿಯನ್ನು ಕೂಗಿದಳು, ಉಸಿರು ಕಟ್ಟಿತು, ಮತ್ತೆ ಕೂಗಿದಳು. ಮಾಸ್ತರ ಅವಳನ್ನು ಸೊಂಟ ಹಿಡಿದು ಎಳೆದುಕೊಂಡೇ ಇಳಿಸಿದ.

ತಂಗಿ ದಡ್ಡಿಯಲ್ಲ. ಅವಳು ಹಿಂದಿನ ಮೆಟ್ಟಿಲಿಗೇ ಓಡಿದ್ದಳು. ಪೆಟ್ಟಿಗೆಗಳನ್ನು ಹತ್ತಿ, ಬೀಳಿಸಿ, ತಳ್ಳಿ ಗ್ರಿಲ್ಲಿನವರೆಗೂ ಇಳಿದಿದ್ದಳು. ಮಾವ ಊಟಕ್ಕೆ ಮನೆಗೆ ಹೋಗಿದ್ದರು, ಬೀಗದ ಕೈಯೂ ಅವರ ಜೊತೆ ಊಟಕ್ಕೆ ಹೋಗಿತ್ತು. ಅಗ್ನಿಶಾಮಕದವರು ಬಂದು ಗ್ರಿಲ್ಲು ಕತ್ತರಿಸುವ ಹೊತ್ತಿಗೆ ಮುಗಿದುಹೋಗಿತ್ತು. ಅವಳ ಮೈಮೇಲೆ ಒಂದು ಸುಟ್ಟ ಗುರುತೂ ಇರಲಿಲ್ಲ. ಬೆಂಕಿ ಅವಳ ಹತ್ತಿರಕ್ಕೂ ಹೋಗಿರಲಿಲ್ಲ, ಕೊಂದದ್ದು ಹೊಗೆ.

ಆಮೇಲೆ ಜನ ಬಂದರು. ಬಂದವರೆಲ್ಲ ಹಣೆಬರಹ ಎಂದರು. "ಆಯಸ್ಸು ಅಷ್ಟೇ ಇತ್ತು ಬಿಡಮ್ಮ" ಎಂದರು ಮಾವ, ಕಣ್ಣೊರೆಸಿಕೊಳ್ಳುತ್ತ. ಟೈಲರಕ್ಕ ಗೋಡೆ ನೋಡುತ್ತ ಕೂತಿದ್ದಳು. ಹಣೆಬರಹ ಎಂಬ ಮಾತು ಎಷ್ಟು ಅನುಕೂಲದ್ದು ಎಂದು ಅವಳಿಗೆ ಆಗಲೇ ಹೊಳೆದದ್ದು. ಅದನ್ನು ಅಂದವರು ಯಾರೂ ಒಂದು ಪೆಟ್ಟಿಗೆಯನ್ನೂ ಎತ್ತಿ ಆಚೆ ಇಡಬೇಕಾಗಿಲ್ಲ.

ಮಸಿ ಹಿಡಿದ ಅದೇ ಅಂಗಡಿಯಲ್ಲಿ ಕಟ್ಟಡದವರೆಲ್ಲ ಸೇರಿದ ದಿನ ಜಗಳವೇ ಜಗಳ. ಸ್ಕೂಟರು ಅಲ್ಲಿ ಯಾಕಿತ್ತು ಎಂದು ಮಾವ ಕೇಳಿದರೆ, ಬೀಗ ಯಾಕಿತ್ತು ಎಂದು ಸ್ಟುಡಿಯೋದವನು ಕೇಳಿದ. ಟೈಲರಕ್ಕ ಎದ್ದು ನಿಂತಳು.

"ಸ್ಕೂಟರು ಅವಂದು, ಪೆಟ್ಟಿಗೆ ಇವರದ್ದು, ಕುಲಾವಿ ನಂದು. ಎಲ್ಲರೂ ಸೇರಿ ಒಬ್ಬಳನ್ನ ಕಳಿಸಿದೀವಿ. ಇನ್ನೂ ಯಾರನ್ನ ಕಳಿಸಬೇಕು ಅಂತಿದೀರಿ?"

ಅವಳು ಬಾಗಿಲ ಬಳಿ ನಿಂತಿದ್ದ ಅತ್ತಿಗೆಯ ಕಡೆ ತಿರುಗಿದಳು. "ಅವತ್ತು ಅರ್ಧಕ್ಕೇ ನಿಲ್ಲಿಸಿ ಹೋದ್ರಿ. ಯಾಕೆ ಹೋದ್ರಿ ಅತ್ತಿಗೆ?"

"ತಮ್ಮನ ಮುಖ ನೋಡಿ ಹೋದೆ ಕಣೆ" ಎಂದಳು ಅತ್ತಿಗೆ. "ಬೇರೆಯವರ ಹತ್ರ ತೋರಿಸೋ ಕಟ್ಟುನಿಟ್ಟು ನಮ್ಮವರ ಹತ್ರ ತೋರಿಸಲಿಲ್ಲ. ನೋಟಿಸ್ ಬರೆದಿದ್ರೆ ನೀವು ನನ್ನ ಜೊತೆ ಮಾತು ಬಿಡ್ತಿದ್ರಿ. ಅವಳು ಇರ್ತಿದ್ಲು."

ಟೈಲರಕ್ಕ ಬೈಯಲು ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. "ಈಗ ಪೂರ್ತಿ ಹೇಳಿ. ಎಲ್ಲರೂ ಕೇಳಲಿ" ಎಂದಳು.

ಅತ್ತಿಗೆ ಎಲ್ಲರನ್ನೂ ಎಬ್ಬಿಸಿ ಕಟ್ಟಡ ಸುತ್ತಿಸಿದಳು. ಒಂದೊಂದು ಕಡೆಯೂ ನಿಂತು ಅದೇ ಪ್ರಶ್ನೆಗಳು. ಇಲ್ಲಿ ಕಿಡಿ ಎಲ್ಲಿಂದ ಬರುತ್ತೆ? ಬಂದ್ರೆ ಹತ್ತಿಕೊಳ್ಳೋದು ಏನಿದೆ? ಒಳಗೆ ಯಾರಿರ್ತಾರೆ, ಅವರಿಗೆ ಹೇಗೆ ಗೊತ್ತಾಗುತ್ತೆ, ಎಲ್ಲಿಂದ ಇಳೀತಾರೆ? ಬೇಕರಿಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರು ಬಾಗಿಲಿಗೆ ಅಡ್ಡ ಕೊಟ್ಟದ್ದು ಆಗ ಕಂಡಿತು. ಅದನ್ನು ಹೇಗೆ ಒತ್ತಬೇಕು ಎಂದು ಕೇಳಿದರೆ ಬೇಕರಿಯವನು ತಲೆ ಕೆರೆದುಕೊಂಡ. ಒಂದೇ ಬೋರ್ಡಿಗೆ ಕರೆಂಟ್ ಒಲೆ, ಫ್ರಿಜ್ಜು, ಮಿಕ್ಸರು ಮೂರೂ ಸಿಕ್ಕಿಸಿದ್ದು ಬಿಸಿಯಾಗಿತ್ತು. ಅತ್ತಿಗೆ ಅವನ ಕೈ ಹಿಡಿದು ಅದನ್ನು ಮುಟ್ಟಿಸಿದಳು.

ಗ್ರಿಲ್ಲಿನ ಹತ್ತಿರ ಮಾವ ತಡವರಿಸಿದರು. "ಬೀಗ ತೆಗೆದ್ರೆ ಕಳ್ಳರು ಬರ್ತಾರಲ್ಲಮ್ಮ."

"ಕಳ್ಳ ಬಂದ್ರೆ ಚಪ್ಪಲಿ ತಗೊಂಡು ಹೋಗ್ತಾನೆ ಮಾವ" ಎಂದಳು ಟೈಲರಕ್ಕ.

ಹೊರಗಿನಿಂದ ತೆರೆಯಲಾಗದ, ಒಳಗಿನಿಂದ ಬೀಗದ ಕೈಯಿಲ್ಲದೆ ತಳ್ಳಿದರೆ ತೆರೆಯುವ ಬಾಗಿಲು ಸಿಗುತ್ತದೆ ಎಂದು ಅತ್ತಿಗೆ ಹೇಳಿದಳು. ಅದನ್ನೇ ಹಾಕಿಸಿದರು, ಪೆಟ್ಟಿಗೆಗಳನ್ನು ಮಾವ ತಮ್ಮ ಅಂಗಡಿಯೊಳಕ್ಕೆ ಸಾಗಿಸಿದರು. ಸ್ಕೂಟರಿಗೆ ಕಟ್ಟಡದಾಚೆ ಜಾಗವಾಯಿತು. ಕುಲಾವಿಗಳನ್ನು ಮಾಸ್ತರನೇ ಕುರ್ಚಿ ಹತ್ತಿ ಒಂದೊಂದಾಗಿ ತೆಗೆದ, ಹಿಂದೊಮ್ಮೆ ಅಕ್ಕನಿಗೆ ಪುಣ್ಯದ ಮಾತಾಡಿದವನು. ಇಸ್ತ್ರಿ ಕೋಣೆಗೆ ಶಾಖದ ಅಲಾರಂ ಬಂತು, ಪ್ಯಾಸೇಜಿನದು ಹಬೆಯಿಂದ ದೂರ ಸರಿಯಿತು. ಈಗ ತಿಂಗಳಿಗೊಮ್ಮೆ ಅದರ ಗುಂಡಿ ಒತ್ತಿ ಕೂಗಿಸಿ, ಎಲ್ಲರೂ ಹಿಂದಿನ ಮೆಟ್ಟಿಲಿನಿಂದ ಇಳಿದು ಬೀದಿಯಲ್ಲಿ ನಿಂತು ತಲೆ ಎಣಿಸುತ್ತಾರೆ. ಕೆಟ್ಟ ಮೇಲೆ ಬುದ್ಧಿ ಬಂತು. ಇಷ್ಟೆಲ್ಲ ಮಾಡಲು ಹಿಡಿದದ್ದು ಒಂದು ವಾರ. ತಂಗಿ ಇದ್ದಾಗಲೂ ಅಷ್ಟೇ ಹಿಡಿಯುತ್ತಿತ್ತು.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ದಯವಿಟ್ಟು ಅಯ್ಯೋ ಪಾಪ ಎನ್ನಬೇಡಿ. ಟೈಲರಕ್ಕ ಆ ಮಾತನ್ನು ಬೇಕಾದಷ್ಟು ಕೇಳಿದ್ದಾಳೆ. ನೀವು ದುಡಿಯುವ, ಮಲಗುವ ಕಟ್ಟಡವನ್ನು ಇವತ್ತೇ ಒಮ್ಮೆ ಸುತ್ತಿ. ಅಲಾರಂ ಕೂಗುತ್ತದೆಯೇ, ಕೂಗಿಸಿ ನೋಡಿ. ಅದು ಸುಮ್ಮಸುಮ್ಮನೆ ಕೂಗಿದರೆ ಸರಿ ಮಾಡಿಸಿ, ಮುಚ್ಚಬೇಡಿ. ಮೆಟ್ಟಿಲ ಮೇಲೆ ಸಾಮಾನು ಇಟ್ಟವರು ನೆಂಟರಾದರೂ ಹೇಳಿ, ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಅವರು ಕೇಳದಿದ್ದರೆ ಅಗ್ನಿಶಾಮಕ ಠಾಣೆಗೆ ತಿಳಿಸಿ. ಹೊಗೆ ಕಂಡರೆ ಬಗ್ಗಿಕೊಂಡು ಹೊರಗೆ ಬನ್ನಿ, ಸಾಮಾನಿಗೆಂದು ಹಿಂದಿರುಗಬೇಡಿ.

ಕೊನೆಗೆ, ಯಾರನ್ನೂ ಬೀಗದ ಕೈ ಕೇಳದೆ, ಹಿಂದಿನ ದಾರಿಯಿಂದ ಬೀದಿಯವರೆಗೆ ನೀವೇ ಇಳಿದು ನೋಡಿ. ಇಳಿಯಲಾಗದಿದ್ದರೆ, ಆ ದಾರಿ ತೆರೆಯುವ ತನಕ ಮೇಲಕ್ಕೆ ಹೋಗಬೇಡಿ. ನಿಮ್ಮವರನ್ನೂ ಕಳಿಸಬೇಡಿ.