ರತ್ನಕ್ಕನ ಮನೆಗೆ ಹೋಗು

ನಮ್ಮ ಮೇಲಿನ ಮನೆಯ ಸೋಮನಾಥನ ಬಗ್ಗೆ ಅಬ್ಬಿಗೆರೆಯ ಈ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ದೇವರಂಥ ಮನುಷ್ಯ ಎನ್ನುತ್ತಾರೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ನೀರಿನ ಟ್ಯಾಂಕರ್ ಬಂದರೆ ಮುದುಕಿಯರ ಕೊಡಗಳನ್ನು ತಾನೇ ಹೊತ್ತು ಕೊಡುತ್ತಾನೆ. ಊರಿಗೆ ಉಪಕಾರಿ, ಮನೆಗೆ ಮಾರಿ. ನಾನು ಅವನ ಕೆಳಗಿನ ಮನೆಯ ರತ್ನಕ್ಕ. ಅವರಂತೆಯೇ ಬಾಗಲಕೋಟೆ ಕಡೆಯವಳು, ಜೋಳದ ರೊಟ್ಟಿ ಬಡಿದು ಮಾರುತ್ತೇನೆ. ನನ್ನ ಬಡಿತ ನಿಂತಾಗ ಮೇಲಿನ ಬಡಿತ ಕೇಳಿಸುತ್ತಿತ್ತು.

ಮರುದಿನ ಅವನ ಹೆಂಡತಿ ಪ್ರತಿಭಾ ನೈಟಿಯ ಮೇಲೆ ವೇಲು ಹೊದ್ದು ಇಳಿದು ಬರುತ್ತಿದ್ದಳು. ಕೆನ್ನೆಗೆ ಏನಾಯಿತೆಂದರೆ "ಬಾಗಲಾ ಬಡೀತ್ರಿ ಅಕ್ಕಾ" ಎನ್ನುತ್ತಿದ್ದಳು. ಬಾಗಿಲಿಗೆ ಐದು ಬೆರಳು ಇರುವುದನ್ನು ನಾನಂತೂ ಅಲ್ಲಿಯವರೆಗೆ ಕಂಡಿರಲಿಲ್ಲ.

ಮನೆ ಮಾಲೀಕಳಾದ ಮುನಿಗಂಗಮ್ಮನಿಗೆ ಹೇಳಿ ನೋಡಿದೆ.

"ಗಂಡ ಎಂಡ್ತಿ ಜಗಳ ಉಂಡು ಮಲಗೋ ತಂಕ ಕಣೆ ರತ್ನಕ್ಕ. ನಿಂಗ್ಯಾಕೆ?"

"ಕೂಸು ಬಡವಾಯ್ತು ಅನ್ನೋ ಗಾದಿನೂ ಐತ್ರಿ," ಎಂದು ಎದ್ದು ಬಂದೆ.

ಆ ಕೂಸು ಶಿವಾನಿ. ನಾಲ್ಕನೇ ಕ್ಲಾಸು. ಬೆಂಗಳೂರಲ್ಲೇ ಹುಟ್ಟಿದ್ದರಿಂದ ಮಾತೆಲ್ಲ ಇಲ್ಲಿಯದೇ. ನನ್ನನ್ನು ಅಜ್ಜಿ ಎನ್ನುತ್ತದೆ.

ಒಂದು ಸಂಜೆ ಮೂವರೂ ಊಟಕ್ಕೆ ಕೂತಿದ್ದಾಗ ಟೀವಿಯಲ್ಲಿ ಚರ್ಚೆ ಬರುತ್ತಿತ್ತಂತೆ. ಮಕ್ಕಳ ಕಣ್ಣೆದುರು ಹೆಂಡತಿಗೆ ಹೊಡೆಯುವವನಿಗೆ ಶಿಕ್ಷೆ ಹೆಚ್ಚಾಗಬೇಕು ಎಂದು ಕರಿಕೋಟಿನ ಹೆಂಗಸೊಬ್ಬಳು ಮೇಜು ಗುದ್ದಿ ಹೇಳುತ್ತಿದ್ದಳಂತೆ. ಸೋಮನಾಥ ತುತ್ತು ಕೈಯಲ್ಲೇ ಹಿಡಿದು ಕೇಳಿದನಂತೆ. ಕಾನೂನು ಬಂದಿದೆಯೋ, ಬರಬೇಕೋ ಎಂದು ಪೂರ್ತಿ ಕೇಳುವ ತಾಳ್ಮೆ ಅವನಿಗೆಲ್ಲಿ? ಎದ್ದು ಟೀವಿ ಆರಿಸಿದನಂತೆ. ಇದನ್ನು ಪ್ರತಿಭಾ ಆಮೇಲೆ ನನಗೆ ಹೇಳಿದಳು.

ಮುಂದಿನ ಭಾನುವಾರ ಹೆಂಡತಿ ತವರಿಗೆ ಫೋನ್ ಮಾಡಿದಳೆಂದು ಸಿಟ್ಟು ಬಂದಾಗ ಅವನು ಮೊದಲು ಮಗಳ ಕಡೆ ತಿರುಗಿದ. "ಶಿವಾನಿ, ರತ್ನಕ್ಕನ ಮನಿಗೆ ಹೋಗು. ಟೀವಿ ನೋಡ್ಕೋತ ಕುಂದ್ರು."

ಕಾನೂನಿಗೆ ಹೆದರುವ ಗಂಡಸಿನ ಚೆಂದ ನೋಡಿ. ಹೊಡೆಯುವುದನ್ನು ಬಿಡಲಿಲ್ಲ, ಮಗುವನ್ನು ಹೊರಗೆ ಕಳಿಸುವುದನ್ನು ಕಲಿತ.

ಅದು ಬಂದು ನನ್ನ ಟೀವಿಯ ಮುಂದೆ ಕೂರುತ್ತಿತ್ತು, ನೋಡುತ್ತಿದ್ದುದು ಮಾತ್ರ ಸೂರನ್ನು. ಮೇಲಿನದು ಕೇಳಿಸದಿರಲಿ ಎಂದು ನಾನು ಸದ್ದು ಏರಿಸಿದರೆ, "ಕಮ್ಮಿ ಮಾಡಿ ಅಜ್ಜಿ, ಅಮ್ಮಂದು ಕೇಳ್ಸಲ್ಲ" ಎನ್ನುತ್ತಿತ್ತು.

ಆಮೇಲೆ ಶಿವಾನಿ ಕೆಳಗೆ ಬರುವುದನ್ನೇ ನಿಲ್ಲಿಸಿತು. ಅಪ್ಪ ಹೋಗು ಎಂದರೆ ಹೋಮ್‌ವರ್ಕ್ ಇದೆ ಎಂದು ಅಡುಗೆಮನೆಯ ಬಾಗಿಲಲ್ಲೇ ಪುಸ್ತಕ ಬಿಚ್ಚಿ ಕೂತುಬಿಡುತ್ತಿತ್ತು. ಆಮೇಲೆ ಹೊಟ್ಟೆನೋವು ಶುರುವಾಯಿತು, ಶಾಲೆ ತಪ್ಪಿತು. ಡಾಕ್ಟರು ಏನೂ ಇಲ್ಲ ಎಂದರು. ಅಪ್ಪ ಮನೆಯಲ್ಲಿಲ್ಲದ ಹೊತ್ತು ರೊಟ್ಟಿ ಒಯ್ಯಲು ಬಂದಾಗ ಹಿಡಿದು ಕೂರಿಸಿ ಕೇಳಿದೆ.

"ಖರೆ ಹೇಳವ್ವಾ. ಸಾಲಿಗೆ ಯಾಕ ಹೋಗವಲ್ಲಿ?"

"ಪಪ್ಪಂಗೆ ಈಗ ನೈಟ್ ಶಿಫ್ಟ್ ಅಜ್ಜಿ. ಬೆಳಿಗ್ಗೆಯೆಲ್ಲಾ ಮನೇಲೇ ಇರ್ತಾರೆ. ನಾನು ಎದುರಿಗಿದ್ರೆ ಹೊಡೆಯಲ್ಲ. ಹೊಡೆದ್ರೆ ಜಾಸ್ತಿ ಜೈಲು. ಟೀವಿಲಿ ಹೇಳಿದ್ರಲ್ಲ."

ಹಾಲುಹಲ್ಲು ಇನ್ನೂ ಪೂರ್ತಿ ಬಿದ್ದಿರದ ಕೂಸು ಹೆತ್ತ ತಾಯಿಗೆ ಕಾವಲು ಕೂತಿತ್ತು.

ಪ್ರತಿಭಾಳಿಗೆ ಹೇಳಿದೆ. ಅವಳು ಹಿಟ್ಟಿನ ಡಬ್ಬಿಗೆ ಒರಗಿ ಕೂತು ಅತ್ತಳು. "ನನ್ನ ಸಲುವಾಗಿ ಅದರ ಸಾಲಿ ಹಾಳಾಗೋದು ಬ್ಯಾಡ್ರಿ ಅಕ್ಕಾ. ನನಗ ಏನಾದ್ರೂ ಆಗಲಿ," ಎಂದಳು. ಸ್ಟೇಷನ್ನಿಗೆ ಹೋಗೋಣ ನಡಿ ಎಂದರೆ ಬೇಡವೆಂದು ತಲೆ ಅಲ್ಲಾಡಿಸಿದಳು. ಮರುದಿನ ಅಳುವ ಮಗುವನ್ನು ಎತ್ತಿ ಶಾಲೆಯ ವ್ಯಾನಿಗೆ ಹತ್ತಿಸಿದಳು.

ಆ ಶನಿವಾರ ಅರ್ಧ ದಿನದ ಶಾಲೆ. ಶಿವಾನಿ ವ್ಯಾನಿನಿಂದ ಇಳಿಯುವ ಹೊತ್ತಿಗೆ ಮೇಲೆ ಪಾತ್ರೆ ಬಿದ್ದ ಸದ್ದು, ಪ್ರತಿಭಾಳ ಕೂಗು. ನಾನು ಹಿಟ್ಟಿನ ಕೈಯಲ್ಲೇ ಓಡಿ ಹೋಗಿ ಮಗುವನ್ನು ಹಿಡಿದುಕೊಂಡೆ. ಕೊಸರಿಕೊಂಡು ಮೆಟ್ಟಿಲು ಹತ್ತಿತು. ಏದುಸಿರು ಬಿಡುತ್ತಾ ಹಿಂದೆಯೇ ಹೋದೆ.

ಬಾಗಿಲು ತೆರೆದಿತ್ತು. ಪ್ರತಿಭಾ ಗೋಡೆಯ ಬುಡದಲ್ಲಿ ಮುದುಡಿಕೊಂಡಿದ್ದಳು. ಶಿವಾನಿ ಬ್ಯಾಗು ಹೊತ್ತುಕೊಂಡೇ ಹೊಸ್ತಿಲ ಮೇಲೆ ನಿಂತು ಹೇಳಿತು, "ಪಪ್ಪಾ, ನಾನು ಬಂದಿದೀನಿ. ನೋಡ್ತಿದೀನಿ."

ಸೋಮನಾಥನ ಎತ್ತಿದ ಕೈ ನಿಂತಿತು. ಮಗುವಿನ ಉಪಾಯ ಗೆದ್ದಿತೆಂದೇ ನಾನು ಅಂದುಕೊಂಡೆ. ಅವನು ಮಗಳನ್ನು ನೋಡಿದ, ನನ್ನನ್ನು ನೋಡಿದ. "ಮಗಳಿಗೂ ಕಲಿಸೀಯೇನು?" ಎಂದು ಹೆಂಡತಿಯ ಕೂದಲು ಹಿಡಿದ.

ಆಮೇಲಿನದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ. ಮಗುವಿನ ಮುಖವನ್ನು ನನ್ನ ಸೆರಗಿಗೆ ಒತ್ತಿಕೊಳ್ಳಲು ಎಳೆದೆ. ಕತ್ತು ಸೆಟೆಸಿಕೊಂಡು ನಿಂತಿತ್ತು, ಬಗ್ಗಲಿಲ್ಲ. ನಾನು ಬೀದಿಗೆಲ್ಲ ಕೇಳುವಂತೆ ಕೂಗಿಕೊಂಡೆ. ಜನ ಬಂದು ಅವನನ್ನು ಹಿಡಿದರು.

ಸಂಜೆ ಸ್ಟೇಷನ್ನಿನಲ್ಲಿ ಪ್ರತಿಭಾ ಒಡೆದ ತುಟಿಯಲ್ಲೇ ಎಲ್ಲವನ್ನೂ ಹೇಳಿದಳು. ಬಾಗಿಲಿನ ಮಾತು ಎತ್ತಲಿಲ್ಲ. ಬರೆದುಕೊಳ್ಳುತ್ತಿದ್ದ ಹೆಣ್ಣುಮಗಳು ಸಬ್ ಇನ್ಸ್‌ಪೆಕ್ಟರ್, ಒಳ್ಳೆಯವಳು. ಮಗುವಿಗೆ ಬಿಸ್ಕತ್ತು ಕೊಟ್ಟು, "ನೀನೇನೂ ಹೇಳೋದ್ ಬೇಡ ಪುಟ್ಟಿ, ಹೊರಗೆ ಅಜ್ಜಿ ಜೊತೆ ಕೂತ್ಕೋ" ಎಂದಳು.

"ಇಲ್ಲ ಆಂಟಿ, ನಾನು ಹೇಳ್ಬೇಕು." ಶಿವಾನಿ ಬಿಸ್ಕತ್ತನ್ನು ಮೇಜಿನ ಮೇಲಿಟ್ಟಿತು. "ನಾನು ಎಲ್ಲಾ ನೋಡಿದೆ. ಭಯ ಆಯ್ತು, ಕಣ್ಣು ಮುಚ್ಕೊಳ್ಳೋಣ ಅನ್ನಿಸ್ತು. ಆದ್ರೆ ಮುಚ್ಕೊಳ್ಳಲಿಲ್ಲ. ನಾನು ನೋಡಿದ್ರೆ ತಾನೆ ಪಪ್ಪಂಗೆ ಜಾಸ್ತಿ ಶಿಕ್ಷೆ? ಇನ್ಮೇಲೆ ಅಮ್ಮಂಗೆ ಹೊಡೆಯೋಕೆ ಬರಲ್ಲ ಅಲ್ವಾ?"

ಆ ಹೆಣ್ಣುಮಗಳು ಪೆನ್ನು ಕೆಳಗಿಟ್ಟಳು. ಒಂದು ಸುಳ್ಳು ಹೇಳಬಹುದಿತ್ತು. ಅವಳಿಗೂ ಹೇಳಬೇಕೆನಿಸಿತ್ತೇನೋ.

"ಹೊಡೆದಿದ್ದಕ್ಕೆ ಕೇಸ್ ಹಾಕ್ತೀನಿ ಪುಟ್ಟಿ, ಬಿಡಲ್ಲ. ಆದ್ರೆ ಮಗು ನೋಡ್ತು ಅಂತ ಜಾಸ್ತಿ ಶಿಕ್ಷೆ ಕೊಡೋ ಕಾನೂನು ಇನ್ನೂ ಬಂದಿಲ್ಲಮ್ಮಾ. ತರ್ಬೇಕು ಅಂತ ಟೀವಿಲಿ ಮಾತಾಡಿದಾರೆ, ಅಷ್ಟೆ."

ಶಿವಾನಿ ಅಮ್ಮನನ್ನು ನೋಡಿತು, ನನ್ನನ್ನು ನೋಡಿತು.

"ಹಾಗಾದ್ರೆ ನಾನು ನೋಡಿದ್ದು ವೇಸ್ಟಾ?"